ಮಗುವಿನ ನಂಬಿಕೆಗೆ ಸುತ್ತೋಲೆ ಬೇಡ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ಹಾಸನ ಹಾಗೂ ಚಿಕ್ಕಮಗಳೂರು ಜಿಲ್ಲೆಗಳ ಉಪನಿರ್ದೇಶಕರಿಗೆ ನಮಸ್ಕಾರಗಳು.

ನಾನು ಈ ಎರಡು ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ, ಕೊನೆಯ ಕೆಲವು ವರ್ಷ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಸಕಲೇಶಪುರದ ಕಡೆಯ ಕಾಫಿ ತೋಟದ ಕೂಲಿಕಾರರ ಮಕ್ಕಳಿಗೆ, ಕೊಪ್ಪದ ಕಡೆಯ ಅಡಿಕೆ ಬೆಳೆಗಾರರ ಮಕ್ಕಳಿಗೆ, ಬೇಲೂರು ಸುತ್ತಲಿನ ರೈತರ ಮಕ್ಕಳಿಗೆ ಮೂಲಭೂತ ಹಕ್ಕುಗಳ ಪಾಠವನ್ನು ಒಂದೇ ಪುಸ್ತಕದಿಂದ ಹೇಳಿಕೊಟ್ಟಿದ್ದೇನೆ. ಸೇವೆಯಲ್ಲಿದ್ದಾಗ ನೌಕರರ ನಡತೆ ನಿಯಮಗಳ ಕಾರಣದಿಂದ ಇಂಥ ಪತ್ರ ಬರೆಯುವಂತಿರಲಿಲ್ಲ. ಈಗ ಬರೆಯಬಹುದು, ಆದ್ದರಿಂದ ಬರೆಯುತ್ತಿದ್ದೇನೆ.

ಹೇಳಬೇಕಾದ ಮಾತು ಒಂದೇ. ಸರ್ಕಾರಿ ಶಾಲೆಯಲ್ಲಿ ಧರ್ಮದ ವಿಷಯ ಎದ್ದಾಗಲೆಲ್ಲ ನಾವು ‘ಯಾವ ಧರ್ಮ?’ ಎಂದು ಮೊದಲು ನೋಡುತ್ತೇವೆ. ನೋಡಬೇಕಾದದ್ದು ಅಲ್ಲಿ ಮಾತನಾಡುತ್ತಿರುವುದು ಮಗುವೋ ಸರ್ಕಾರವೋ ಎಂಬುದನ್ನು. ಮಗು ತನ್ನ ಪಾಡಿಗೆ ತಾನು ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಿಗೆ ಶಿಲುಬೆ ಹಾಕಿಕೊಂಡು, ತಲೆಯ ಮೇಲೆ ವೇಲು ಹೊದ್ದುಕೊಂಡು, ಅಂಗಿಯೊಳಗೆ ಜನಿವಾರವನ್ನೋ ಶಿವದಾರವನ್ನೋ ಧರಿಸಿಕೊಂಡು ಬಂದರೆ ಅದು ಆ ಮಗುವಿನ ಮಾತು. ಅದರ ಮೇಲೆ ಕೈ ಹಾಕುವ ಅಧಿಕಾರ ಸರ್ಕಾರಕ್ಕೆ ತೀರ ಕಡಿಮೆ. ಶಾಲೆಯ ಸಮಯದಲ್ಲಿ, ಶಾಲೆಯ ಮೈಕಿನಲ್ಲಿ, ಸಂಬಳ ಪಡೆಯುವ ಶಿಕ್ಷಕರ ಬಾಯಲ್ಲಿ ಬರುವುದು ಸರ್ಕಾರದ ಮಾತು. ಆ ಮಾತಿನಲ್ಲಿ ಯಾವ ಧರ್ಮದ ಉಪದೇಶವೂ ಇರಕೂಡದು. ನಮ್ಮ ರಾಜ್ಯದಲ್ಲಿ ಹಲವು ವರ್ಷಗಳಿಂದ ಇವೆರಡೂ ತಿರುವುಮುರುವಾಗಿವೆ. ಮಗುವಿನ ನಂಬಿಕೆಯನ್ನು ಆದೇಶ ಹೊರಡಿಸಿ ಗೇಟಿನಾಚೆ ಕಳುಹಿಸುತ್ತಿದ್ದೇವೆ, ಆಳುವವರಿಗೆ ಪ್ರಿಯವಾದದ್ದನ್ನು ಸುತ್ತೋಲೆ ಹೊರಡಿಸಿ ತರಗತಿಯೊಳಗೆ ತರುತ್ತಿದ್ದೇವೆ.

ಮಲೆನಾಡಿನ ಶಾಲೆಗಳಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ನವೆಂಬರ್ ಬಂತೆಂದರೆ ಹೈಸ್ಕೂಲಿನ ಕೆಲವು ಹುಡುಗರು ಅಯ್ಯಪ್ಪನ ಮಾಲೆ ಹಾಕುತ್ತಾರೆ. ಕಪ್ಪು ಅಂಗಿ, ಕಪ್ಪು ಪಂಚೆ, ಕೊರಳಲ್ಲಿ ಮಾಲೆ, ಹಣೆಯಲ್ಲಿ ಗಂಧ, ಬರಿಗಾಲು. ವ್ರತ 41 ದಿನ. ಸಮವಸ್ತ್ರದ ಸಾಲಿನಲ್ಲಿ ಆ ಹುಡುಗರು ದೂರದಿಂದಲೇ ಎದ್ದು ಕಾಣುತ್ತಾರೆ. ಅವರನ್ನು ಗೇಟಿನಲ್ಲಿ ತಡೆದು ನಿಲ್ಲಿಸಿದ ಮುಖ್ಯ ಶಿಕ್ಷಕರನ್ನು ನಾನು ಕಂಡಿಲ್ಲ. ತಡೆಯುವುದಿರಲಿ, ಎಲ್ಲರಿಗೂ ಏಕವಚನದಲ್ಲೇ ಗದರುವ ಗಣಿತದ ಮೇಷ್ಟ್ರು ಕೂಡ ಆ ದಿನಗಳಲ್ಲಿ ಆ ಹುಡುಗನನ್ನು ‘ಸ್ವಾಮಿ, ಬೋರ್ಡಿನ ಹತ್ತಿರ ಬನ್ನಿ’ ಎಂದೇ ಕರೆಯುತ್ತಾರೆ. ಮಾಲಾಧಾರಿಯನ್ನು ಹಾಗೆ ಕರೆಯುವುದು ಪದ್ಧತಿ. ಇದರಿಂದ ಶಾಲೆಯ ಶಿಸ್ತು ಕೆಡಲಿಲ್ಲ. ಪಕ್ಕದ ಬೆಂಚಿನ ಮುಸ್ಲಿಂ ಹುಡುಗನಿಗೋ ಕ್ರೈಸ್ತ ಹುಡುಗಿಗೋ ಕಸಿವಿಸಿಯಾಗಲಿಲ್ಲ. ಸಮಾನತೆಗೆ ಧಕ್ಕೆ ಬಂತೆಂದು ಯಾವ ಅಧಿಕಾರಿಯೂ ನೋಟಿಸು ಕೊಡಲಿಲ್ಲ. ಈ ಪದ್ಧತಿ ನನಗೆ ಬಹಳ ಇಷ್ಟ, ಅದು ಹಾಗೆಯೇ ಇರಲಿ. ಹತ್ತು ವರ್ಷದ ಮೇಲಿನ ಹುಡುಗಿಯೊಬ್ಬಳು ತಲೆಯ ಮೇಲೆ ಹೊದೆಯುವ ಒಂದು ಗಜ ಬಟ್ಟೆಗೂ ಇದೇ ಉದಾರತೆ ಸಲ್ಲಬೇಕೆಂದಷ್ಟೇ ನನ್ನ ವಾದ.

ಇಲಾಖೆಗೆ ಇಂಥ ಉದಾರತೆ ಹೊಸದೂ ಅಲ್ಲ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಯೋಜನೆ ಬಂದಾಗ ರಾಜ್ಯದಲ್ಲಿ ಎಷ್ಟು ವಿರೋಧ ಎದ್ದಿತ್ತು ಎಂಬುದು ನಿಮಗೆ ನೆನಪಿದೆ. ಇಲಾಖೆ ಮಾಡಿದ್ದು ಸರಳ ಕೆಲಸ: ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಜೈನರ ಮಗು, ಲಿಂಗಾಯತರ ಮಗು, ದಲಿತರ ಮಗು, ಸಾಬರ ಮಗು ಒಂದೇ ಪಂಕ್ತಿಯಲ್ಲಿ ಕುಳಿತು ಬೇರೆ ಬೇರೆ ತಿಂದವು. ನಿನ್ನ ಧರ್ಮದಲ್ಲಿ ಮೊಟ್ಟೆ ತಿನ್ನದಿರುವುದು ಅತ್ಯಗತ್ಯವೇ, ಗ್ರಂಥದಲ್ಲಿ ಎಲ್ಲಿದೆ ತೋರಿಸು ಎಂದು ಯಾರೂ ಮಗುವನ್ನು ಕೇಳಲಿಲ್ಲ.

ಹೀಗಿರುವಾಗ 2022ರಲ್ಲಿ ನಡೆದದ್ದನ್ನು ನಾನು ಏನೆಂದು ಅರ್ಥ ಮಾಡಿಕೊಳ್ಳಲಿ?

ಮುಸ್ಲಿಂ ಹುಡುಗಿಯರು ಹಿಜಾಬ್ (ತಲೆವಸ್ತ್ರ) ತೊಟ್ಟು ತರಗತಿಯಲ್ಲಿ ಕೂರಬಹುದೇ ಎಂದು ಉಡುಪಿಯಲ್ಲಿ ಎದ್ದ ವಿವಾದ ಜನವರಿ ಮೊದಲ ವಾರದಲ್ಲೇ ನಮ್ಮ ಕೊಪ್ಪದ ಸರ್ಕಾರಿ ಪದವಿ ಕಾಲೇಜಿಗೆ ಬಂತು. ಹುಡುಗರು ಕೇಸರಿ ಶಾಲು ಹಾಕಿಕೊಂಡು ಕುಳಿತರು. ಮುಂದೆ ಚಿಕ್ಕಮಗಳೂರಿನಲ್ಲಿ ಹಿಜಾಬ್ ಧರಿಸಿದವರ ಪರವಾಗಿ ನೀಲಿ ಶಾಲಿನ ಹುಡುಗರು ಜೈ ಭೀಮ್ ಎಂದರು. ಫೆಬ್ರುವರಿ 5ರಂದು ಸರ್ಕಾರ ಕರ್ನಾಟಕ ಶಿಕ್ಷಣ ಕಾಯ್ದೆ 1983ರ 133(2)ನೇ ಪ್ರಕರಣದ ಅಡಿಯಲ್ಲಿ ಆದೇಶ ಹೊರಡಿಸಿತು. ಕಾಲೇಜು ಅಭಿವೃದ್ಧಿ ಸಮಿತಿ ಗೊತ್ತುಮಾಡಿದ ಸಮವಸ್ತ್ರವನ್ನೇ ಧರಿಸಬೇಕು, ಸಮವಸ್ತ್ರ ಇಲ್ಲದ ಕಡೆ ಸಮಾನತೆ, ಐಕ್ಯತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಗೆ ಭಂಗ ತರದ ಉಡುಪು ತೊಡಬೇಕು ಎಂದು ಅದರಲ್ಲಿತ್ತು.

ಸಾರ್ವಜನಿಕ ಸುವ್ಯವಸ್ಥೆ ಎಂಬ ಈ ಮಾತಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ವರ್ಷಗಳಿಂದ ಮೂರನೇ ಬೆಂಚಿನಲ್ಲಿ ಕುಳಿತು ನೋಟ್ಸ್ ಬರೆದುಕೊಳ್ಳುತ್ತಿದ್ದ ಹುಡುಗಿ ಜನವರಿಯ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಸುವ್ಯವಸ್ಥೆಗೆ ಅಪಾಯವಾದದ್ದು ಹೇಗೆ? ಅವಳು ಕೂಗಲಿಲ್ಲ, ಕಲ್ಲು ತೂರಲಿಲ್ಲ, ಇನ್ನೊಬ್ಬರಿಗೆ ಹಿಜಾಬ್ ತೊಡಿಸಲು ಹೋಗಲಿಲ್ಲ. ಅವಳನ್ನು ಕಂಡು ಕೂಗಿದವರು ಬೇರೆ. ಕೂಗಿದವರಿಗೆ ಬುದ್ಧಿ ಹೇಳಬೇಕಾದ ಜಾಗದಲ್ಲಿ ಸುಮ್ಮನಿದ್ದವಳನ್ನು ಹೊರಗಿಟ್ಟರೆ, ನಾಳೆ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಶಾಲೆಯ ಮುಂದೆ ಗುಂಪು ಕಟ್ಟಿದರೆ ಸಾಕು ಎಂಬ ಪಾಠವನ್ನು ನಾವೇ ಕಲಿಸಿದಂತಾಯಿತು.

ಆ ವರ್ಷ ಫೆಬ್ರುವರಿ 9ರಿಂದ ಮೂರು ದಿನ ಪ್ರೌಢಶಾಲೆಗಳಿಗೂ ಕಾಲೇಜುಗಳಿಗೂ ರಜೆ ಕೊಟ್ಟಿದ್ದರು. 14ರ ಸೋಮವಾರ ಪ್ರೌಢಶಾಲೆಗಳು ತೆರೆದವು. ಅಂದು ಬೆಳಗ್ಗೆ ಮೇಲಧಿಕಾರಿಯೊಬ್ಬರ ಫೋನು ಬಂತು: ‘ಮೇಡಂ, ಗೇಟಿನಲ್ಲೇ ತೆಗೆಸಿ, ಆಮೇಲೆ ಒಳಗೆ ಬಿಡಿ.’ ಲಿಖಿತವಾಗಿ ಕಳುಹಿಸಿ ಎಂದೆ. ‘ಮೇಲಿನಿಂದ ಬಂದಿದೆ, ಅಷ್ಟು ಮಾಡಿ’ ಎಂದರು. ಕಾಗದ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ. ಗೇಟಿನ ಬಳಿ ಆಗಲೇ ಮೊಬೈಲ್ ಹಿಡಿದ ಜನ ನಿಂತಿದ್ದರು, ಅವರಲ್ಲಿ ನಮ್ಮ ಶಾಲೆಗೆ ಸಂಬಂಧಪಟ್ಟವರು ಬಹಳ ಕಡಿಮೆ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಅವರನ್ನು ನೋಡಿ, ನನ್ನನ್ನು ನೋಡಿ, ಬಂದ ದಾರಿಯಲ್ಲೇ ಹೊರಟುಹೋದಳು. ಮರುದಿನ ಅವಳ ತಂದೆ ಬಂದರು. ವಾರದ ಸಂತೆಯಲ್ಲಿ ಸೊಪ್ಪು ತರಕಾರಿ ಮಾರುವ ಮನುಷ್ಯ. ಜಗಳ ಆಡಲು ಬಂದವರಲ್ಲ. ‘ಹಾಲ್ ಟಿಕೆಟ್ ಒಂದು ಸಿಗುವ ಹಾಗೆ ಮಾಡಿ ಮೇಡಂ, ಮನೆಯಲ್ಲೇ ಓದಿಕೊಳ್ಳುತ್ತಾಳೆ’ ಎಂದರು. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಆರು ವಾರ ಇದ್ದಾಗ ಒಂದು ಸರ್ಕಾರ ತನ್ನದೇ ಶಾಲೆಯ ವಿದ್ಯಾರ್ಥಿನಿಯನ್ನು ಮನೆಯಲ್ಲಿ ಕೂತು ಓದು ಎಂಬ ಸ್ಥಿತಿಗೆ ತಂದಿತ್ತು.

ಆಗ ಕಾನೂನು ಏನಿತ್ತು ಎಂಬುದನ್ನು ನಿಮ್ಮ ಗಮನಕ್ಕೆ ತರುತ್ತೇನೆ. ಫೆಬ್ರುವರಿ 10ರ ಹೈಕೋರ್ಟಿನ ಮಧ್ಯಂತರ ಆದೇಶ ಕೇಸರಿ ಶಾಲು, ಸ್ಕಾರ್ಫ್, ಹಿಜಾಬ್, ಧಾರ್ಮಿಕ ಬಾವುಟ ಇತ್ಯಾದಿಗಳನ್ನು ತಡೆದದ್ದು ‘ತರಗತಿಯ ಒಳಗೆ’ ಮಾತ್ರ. ಅದೂ ಕಾಲೇಜು ಅಭಿವೃದ್ಧಿ ಸಮಿತಿಗಳು ಸಮವಸ್ತ್ರ ಗೊತ್ತುಮಾಡಿರುವ ಸಂಸ್ಥೆಗಳಿಗಷ್ಟೇ ಸೀಮಿತ ಎಂದು ಆದೇಶದಲ್ಲೇ ಬರೆದಿತ್ತು. ಪ್ರೌಢಶಾಲೆಯಲ್ಲಿ ಇರುವುದು ಬೇರೆಯೇ ಸಮಿತಿ, ಎಸ್‌ಡಿಎಂಸಿ ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಹಾಗಿದ್ದೂ ತರಗತಿಯ ಬಾಗಿಲಿನ ಆದೇಶ ಫೋನಿನಲ್ಲಿ ಬರುವಷ್ಟರಲ್ಲಿ ಗೇಟಿನ ಆದೇಶವಾಗಿತ್ತು, ಕಾಲೇಜಿನ ಆದೇಶ ಹೈಸ್ಕೂಲಿನ ಆದೇಶವಾಗಿತ್ತು. ಅಧಿಕಾರ ತನ್ನ ಗಡಿ ದಾಟುವುದು ಹೀಗೆಯೇ: ಮೇಲಿದ್ದವರು ಒಂದು ಗೇಣು ಕೊಟ್ಟರೆ ಕೆಳಗಿನವರು ಒಂದು ಮಾರು ತೆಗೆದುಕೊಳ್ಳುತ್ತಾರೆ, ಕೇಳಿದರೆ ಕಾಗದ ಇರುವುದಿಲ್ಲ.

ನಿಯಮಗಳ ಮಾತಿಗೆ ಬಂದರೆ, 1995ರ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೆಯದು ಸಮವಸ್ತ್ರದ್ದು. ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸಬಾರದು, ಬದಲಿಸುವುದಾದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲು ತಿಳಿಸಬೇಕು. ಬಡವರ ಕೈಗೆ ಪದೇ ಪದೇ ಬಟ್ಟೆಯ ಖರ್ಚು ಬೀಳಬಾರದೆಂಬ ಕಾಳಜಿ ಇದರಲ್ಲಿ ಕಾಣುತ್ತದೆ. ಬಟ್ಟೆಯ ಖರ್ಚಿಗೆ ಒಂದು ವರ್ಷದ ಸಮಯ ಕೊಡುವ ಇಲಾಖೆ, ನಂಬಿಕೆಯ ವಿಷಯದಲ್ಲಿ ವರ್ಷದ ನಡುವೆ, ಪರೀಕ್ಷೆಯ ಹೊಸ್ತಿಲಲ್ಲಿ, ಒಂದು ವಾರವನ್ನೂ ಕೊಡಲಿಲ್ಲ. ಆ ಕಾಲೇಜು ಅಭಿವೃದ್ಧಿ ಸಮಿತಿಯಾದರೂ ಎಲ್ಲಿಂದ ಬಂತು? 2014ರ ಜನವರಿಯ ಸುತ್ತೋಲೆಯೊಂದರಿಂದ. ಅದರ ಅಧ್ಯಕ್ಷರು ಕ್ಷೇತ್ರದ ಶಾಸಕರು. ಶೌಚಾಲಯ ಕಟ್ಟಿಸಲು, ಕೊಠಡಿಗೆ ಅನುದಾನ ತರಲು ಶಾಸಕರು ಬೇಕು, ಅವರ ಸಹಾಯವನ್ನು ನಾನೂ ಪಡೆದಿದ್ದೇನೆ. ಆದರೆ ಐದು ವರ್ಷಕ್ಕೊಮ್ಮೆ ವೋಟು ಕೇಳಬೇಕಾದ ಮನುಷ್ಯನ ಕೈಗೆ ಸಂವಿಧಾನದ 25ನೇ ವಿಧಿ ಒಂದು ಮಗುವಿಗೆ ಕೊಟ್ಟಿರುವ ಧರ್ಮಸ್ವಾತಂತ್ರ್ಯವನ್ನು ಕೊಡಬಾರದು. ವೋಟಿನ ಬಲ ಕಡಿಮೆ ಇರುವವರಿಗಾಗಿಯೇ ಮೂಲಭೂತ ಹಕ್ಕುಗಳ ಅಧ್ಯಾಯವನ್ನು ಬರೆದಿರುವುದು.

ಮುಂದಿನ ಕಥೆ ಎಲ್ಲರಿಗೂ ತಿಳಿದಿದೆ. ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2022ರ ಮಾರ್ಚ್ 15ರಂದು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ ಎಂದಿತು, ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಸಮವಸ್ತ್ರದ ಶಿಸ್ತು ಎಲ್ಲರಿಗೂ ಒಂದೇ ಎಂದು ಮೇಲ್ಮನವಿಗಳನ್ನು ತಳ್ಳಿಹಾಕಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅತ್ಯಗತ್ಯ ಆಚರಣೆಯ ವಿಚಾರಣೆಯೇ ಬೇಕಿರಲಿಲ್ಲ, ಇದು ಹುಡುಗಿಯ ಆಯ್ಕೆಯ ಪ್ರಶ್ನೆ ಎಂದರು. ಶಾಲೆಯ ಗೇಟಿನಲ್ಲಿ ಹಿಜಾಬ್ ತೆಗೆಸುವುದು ಅವಳ ಖಾಸಗಿತನ ಮತ್ತು ಘನತೆಯ ಮೇಲಿನ ಆಕ್ರಮಣ ಎಂದರು. ವಿಷಯವನ್ನು ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಡಲಾಯಿತು. ಹೈಕೋರ್ಟಿನ ತೀರ್ಪಿಗೆ ನಾಗರಿಕಳಾಗಿ ನಾನು ತಲೆಬಾಗಿದ್ದೇನೆ. ಒಪ್ಪಿದ್ದೇನೆ ಎಂದು ಹೇಳಲಾರೆ. ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂದು ಸರ್ಕಾರಿ ವಕೀಲರು ವಾದಿಸುವುದೂ ನ್ಯಾಯಾಲಯ ತೀರ್ಮಾನಿಸುವುದೂ ಆರಂಭವಾದರೆ ಅದು ಯಾರ ಮನೆಯ ದೇವರ ಕೋಣೆಗೂ ಬಂದು ನಿಲ್ಲಬಹುದು. ಅಯ್ಯಪ್ಪನ ಮಾಲೆ ಹಿಂದೂ ಧರ್ಮಕ್ಕೆ ಅತ್ಯಗತ್ಯವೇ ಎಂದು ಕೇಳಿದರೆ ನಾವು ಏನು ಉತ್ತರ ಕೊಡುತ್ತೇವೆ?

ಹೀಗೆ ಕೇಳಬಾರದೆಂದು ಸುಪ್ರೀಂ ಕೋರ್ಟು ಬಹಳ ಹಿಂದೆಯೇ ತೋರಿಸಿಕೊಟ್ಟಿತ್ತು. 1985ರ ಜುಲೈನಲ್ಲಿ ಕೇರಳದ ಶಾಲೆಯೊಂದರಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಿದರು. ಯೆಹೋವನ ಸಾಕ್ಷಿಗಳು ಎಂಬ ಸಣ್ಣ ಕ್ರೈಸ್ತ ಪಂಗಡದವರು. ರಾಷ್ಟ್ರಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಅಲ್ಲಿಯೂ ಒಬ್ಬ ಶಾಸಕರು ವಿಧಾನಸಭೆಯಲ್ಲಿ ವಿಷಯ ಎತ್ತಿದರು. ಅಲ್ಲಿಯೂ ನನ್ನಂಥ ಒಬ್ಬ ಮುಖ್ಯ ಶಿಕ್ಷಕಿಗೆ ಮೇಲಿನಿಂದ ಸೂಚನೆ ಬಂತು, ಅವರು ಮಕ್ಕಳನ್ನು ಹೊರಗೆ ಕಳುಹಿಸಿದರು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಅವರು ಬರೆದ ತೀರ್ಪು ಆ ಮಕ್ಕಳನ್ನು ಶಾಲೆಗೆ ಮರಳಿಸಿತು. ಆ ನಂಬಿಕೆ ನಮಗೆ ವಿಚಿತ್ರವಾಗಿ ಕಾಣಬಹುದು, ಆದರೆ ಅದನ್ನು ಪ್ರಾಮಾಣಿಕವಾಗಿ, ಅಂತಃಸಾಕ್ಷಿಯಿಂದ ನಂಬಿದ್ದಾರೆಂದರೆ 25ನೇ ವಿಧಿಯ ರಕ್ಷಣೆ ಸಿಗುತ್ತದೆ ಎಂದರು. ಇಲಾಖೆಯವರೆಲ್ಲ ಗೋಡೆಗೆ ಅಂಟಿಸಿಕೊಳ್ಳಬೇಕಾದ ಇನ್ನೊಂದು ಮಾತೂ ಅದರಲ್ಲಿದೆ: ಮೂಲಭೂತ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಶಾಸನದ ಬಲ ಇರುವ ಕಾನೂನು ಬೇಕು, ಶಿಕ್ಷಣ ಇಲಾಖೆಯ ಸುತ್ತೋಲೆ ಸಾಲದು. ಫ್ರಾನ್ಸಿನಲ್ಲಿ ಸರ್ಕಾರಿ ಶಾಲೆಗಳಿಂದ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ಹೊರಗಿಟ್ಟದ್ದು 2004ರ ಕಾನೂನು. ಅದನ್ನು ನಾನು ಒಪ್ಪುವುದಿಲ್ಲ, ನಮ್ಮ ಜಾತ್ಯತೀತತೆ ಆ ಬಗೆಯದೂ ಅಲ್ಲ. ಆದರೆ ಅಲ್ಲಿ ಸಂಸತ್ತಿನಲ್ಲಿ ಚರ್ಚೆಯಾಗಿ, ಮತಕ್ಕೆ ಹಾಕಿ, ಯಾರು ಯಾವ ಕಡೆ ಎಂದು ದಾಖಲಾಗಿ ಕಾನೂನಾಯಿತು. ನಮ್ಮಲ್ಲಿ ಒಂದು ಶನಿವಾರ ಆದೇಶ ಬಂತು, ಇನ್ನೊಂದು ಸೋಮವಾರ ಫೋನು ಬಂತು.

ಎರಡು ಆಕ್ಷೇಪಗಳಿಗೆ ಉತ್ತರ ಕೊಡಬೇಕು, ಏಕೆಂದರೆ ಅವನ್ನು ಎತ್ತುವವರಲ್ಲಿ ನನ್ನ ಗೌರವಕ್ಕೆ ಪಾತ್ರರಾದ ಸಹೋದ್ಯೋಗಿಗಳಿದ್ದಾರೆ. ಸಮವಸ್ತ್ರ ಇರುವುದೇ ಭೇದ ಕಾಣದಿರಲಿ ಎಂದಲ್ಲವೇ ಎನ್ನುತ್ತಾರೆ. ಹೌದು. ಎಸ್ಟೇಟ್ ಮಾಲೀಕನ ಮಗ ಮತ್ತು ಅದೇ ಎಸ್ಟೇಟಿನ ಕೂಲಿಕಾರರ ಲೈನ್ ಮನೆಯ ಹುಡುಗ ಒಂದೇ ಬಣ್ಣದ ಅಂಗಿ ತೊಟ್ಟು ಕೂತಾಗ ಆಗುವ ಒಳ್ಳೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಮವಸ್ತ್ರ ಬಡತನವನ್ನು ಮರೆಮಾಡುತ್ತದೆ, ಮಾಡಲೇಬೇಕು. ಬಡತನ ನಾಚಿಕೆ ತರುತ್ತದೆ ಎಂದು ಮಕ್ಕಳಿಗೆ ಅನಿಸುವುದರಿಂದ ಅದನ್ನು ಮುಚ್ಚುತ್ತೇವೆ. ನಂಬಿಕೆಯಲ್ಲಿ ಮುಚ್ಚಿಡುವಂಥದ್ದು ಏನಿದೆ? ಕೋರ್ಟಿಗೆ ಹೋದ ಹುಡುಗಿಯರು ಸಮವಸ್ತ್ರ ಬೇಡ ಎನ್ನಲಿಲ್ಲ, ಅದೇ ಬಣ್ಣದ ವೇಲನ್ನು ತಲೆಯ ಮೇಲೆ ಹೊದೆಯುತ್ತೇವೆ ಎಂದರು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಎಷ್ಟೋ ಹುಡುಗಿಯರು ಸ್ವಂತ ಇಷ್ಟದಿಂದ ತೊಡುವುದಿಲ್ಲ, ಮನೆಯ ಒತ್ತಾಯ, ಓಣಿಯ ಒತ್ತಾಯ. ಶಾಲೆಯಾದರೂ ಅದರಿಂದ ಬಿಡುಗಡೆ ಕೊಡಬಾರದೇ? ಈ ಮಾತು ಸುಳ್ಳಲ್ಲ. ಹೆಣ್ಣುಮಕ್ಕಳ ಮೇಲೆ ಮನೆಯ ಹಿಡಿತ ಯಾವ ಜಾತಿಯಲ್ಲಿ, ಯಾವ ಧರ್ಮದಲ್ಲಿ ಕಡಿಮೆ ಇದೆ? ಮುಟ್ಟಾದ ದಿನಗಳಲ್ಲಿ ಮನೆಯ ಹೊರಗಿನ ಜಗಲಿಯಲ್ಲಿ ಮಲಗಿ ಬೆಳಗ್ಗೆ ಶಾಲೆಗೆ ಬಂದ ಹುಡುಗಿಯರಿಗೂ ನಾನು ಪಾಠ ಮಾಡಿದ್ದೇನೆ. ಅಂಥವಳಿಗೆ ನಾನು ಕೊಡಬಹುದಾಗಿದ್ದ ಬಿಡುಗಡೆ ಎಂದರೆ ಹತ್ತನೇ ತರಗತಿ ಪಾಸು ಮಾಡಿಸಿ ಪಿಯುಸಿಗೆ ಅರ್ಜಿ ಹಾಕಿಸುವುದು. ಒತ್ತಾಯಕ್ಕೆ ಒಳಗಾದ ಹುಡುಗಿಯನ್ನು ಗೇಟಿನಿಂದ ವಾಪಸು ಕಳುಹಿಸಿದರೆ ಅವಳು ಹೋಗುವುದು ಅದೇ ಒತ್ತಾಯ ಮಾಡುವ ಮನೆಗೆ. ಅಲ್ಲಿ ಅವಳ ಮದುವೆಯ ಮಾತು ಬೇಗ ಶುರುವಾಗುತ್ತದೆ. ಇಷ್ಟಪಟ್ಟು ತೊಟ್ಟವಳಿಗೆ ಅವಮಾನ, ಒತ್ತಾಯದಿಂದ ತೊಟ್ಟವಳಿಗೆ ಸೆರೆ. ಆ ಆದೇಶದಿಂದ ಲಾಭವಾದ ಹುಡುಗಿ ನನ್ನ ಕಣ್ಣಿಗೆ ಬೀಳಲಿಲ್ಲ.

ಇದು ಮಗುವಿನ ಮಾತಿನ ಕಡೆಯಾಯಿತು. ಇನ್ನು ಸರ್ಕಾರದ ಮಾತು. ಸಂಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿಯ ಮೊದಲ ಸಾಲೇ ಹೇಳುತ್ತದೆ. ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯಲ್ಲೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆ ಪ್ರಾರ್ಥನೆಗಾಗಲಿ ಕೂರಿಸಬಾರದು ಎಂದು ಅದೇ ವಿಧಿಯ ಮೂರನೇ ಭಾಗ ಹೇಳುತ್ತದೆ. ಧರ್ಮಗಳ ಬಗ್ಗೆ ಕಲಿಸುವುದಕ್ಕೆ ಅಡ್ಡಿಯಿಲ್ಲ, 2002ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟಪಡಿಸಿದೆ. ನಾನು ಶಂಕರ, ರಾಮಾನುಜ, ಮಧ್ವ, ಬಸವಣ್ಣ, ಮಹಾವೀರ, ಪೈಗಂಬರ್, ಯೇಸು ಎಲ್ಲರ ಬಗ್ಗೆಯೂ ಪಾಠ ಮಾಡಿದ್ದೇನೆ. ಮಕ್ಕಳನ್ನು ಹಳೇಬೀಡಿನ ಶಿವಾಲಯಕ್ಕೂ ಅದರ ಪಕ್ಕದ ಬಸದಿಗಳಿಗೂ, ಹೇಮಾವತಿ ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿಯ ಚರ್ಚಿಗೂ ಪ್ರವಾಸ ಕರೆದುಕೊಂಡು ಹೋಗಿದ್ದೇನೆ. ರ‍್ಯಾಂಕಿಗಿಂತ ಅಂಥ ಒಂದು ದಿನ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಮಗು ಎಲ್ಲರ ದೇವರನ್ನೂ ನೋಡುತ್ತದೆ, ಯಾರ ದೇವರಿಗೂ ಕೈ ಮುಗಿಯಬೇಕೆಂಬ ಕಟ್ಟಳೆ ಇಲ್ಲ.

ಆದರೆ ಹೊರಗಿನ ಸಂಘಟನೆಯವರು ಶಾಲೆಯ ಅವಧಿಯಲ್ಲಿ ಬಂದು ಶ್ಲೋಕ ಹೇಳಿಕೊಡುವಾಗ, ಎಲ್ಲರೂ ಗಟ್ಟಿಯಾಗಿ ಹೇಳಬೇಕು ಎಂದಾಗ, ತೋಟದ ಲೈನಿನಿಂದ ಬರುವ ಕ್ರೈಸ್ತ ಹುಡುಗನೊಬ್ಬ ಬಾಯಿ ಮುಚ್ಚಿ ನಿಂತದ್ದನ್ನು ನಾನು ನೋಡಿದ್ದೇನೆ. ‘ನಿನಗೆ ನಾಲಿಗೆ ಇಲ್ಲವೇ?’ ಎಂದು ಸಂಜೆ ಅವನನ್ನು ಕೇಳಿದ ಶಿಕ್ಷಕರೂ ಇದ್ದರು. ಆ ಶ್ಲೋಕ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನಮ್ಮ ಮನೆಯಲ್ಲಿ ಅದನ್ನು ದಿನವೂ ಹೇಳುತ್ತೇವೆ. ಹೇಳದೆ ನಿಂತವನಿಗೆ ಹೆದರಿಕೆ ಹುಟ್ಟಿಸಿದ್ದು ತಪ್ಪು. 2022ರ ನವೆಂಬರ್‌ನಲ್ಲಿ ‘ವಿವೇಕ’ ಯೋಜನೆಯ ಹೊಸ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ಪ್ರಸ್ತಾಪ ಬಂತು. ಅದಕ್ಕೂ ಮೊದಲು ಹುಡುಗಿಯರ ತಲೆಯ ಬಟ್ಟೆಯಲ್ಲಿ ಧರ್ಮ ಕಂಡಿದ್ದ ಇಲಾಖೆಗೆ ಗೋಡೆಯ ಬಣ್ಣದಲ್ಲಿ ಅದು ಕಾಣಲಿಲ್ಲ.

ಶೃಂಗೇರಿ ಇರುವ ಜಿಲ್ಲೆಯಲ್ಲಿ ನಿಂತು ಶಾರದಾ ಪೂಜೆ ಬೇಡ ಎನ್ನುತ್ತೀರಾ ಎಂದು ನನ್ನನ್ನು ಕೇಳಿದವರಿದ್ದಾರೆ. ಇದು ನನಗೂ ಕಷ್ಟದ ಪ್ರಶ್ನೆ. ಪರೀಕ್ಷೆಗೆ ಮೊದಲು ಪುಸ್ತಕದ ಮೇಲೆ ಹೂವಿಟ್ಟು ಕಣ್ಣು ಮುಚ್ಚುವ ಮಗುವನ್ನು ತಡೆಯುವ ಮನಸ್ಸು ಯಾರಿಗೂ ಬರಲಾರದು, ಬರಲೂಬಾರದು. ಮಕ್ಕಳು ತಾವಾಗಿ, ಪಾಠದ ಅವಧಿ ಮುಗಿದ ಮೇಲೆ ಮಾಡಿದರೆ ಅದು ಮಕ್ಕಳದ್ದು. ಹಾಜರಿ ಕರೆದು, ತಲೆಗಿಷ್ಟು ಎಂದು ಹಣ ಎತ್ತಿ, ಶಿಕ್ಷಕರೇ ಪುರೋಹಿತರಾಗಿ, ಬಾರದ ಮಗುವನ್ನು ಹುಬ್ಬು ಗಂಟಿಕ್ಕಿ ನೋಡಿದರೆ ಅದು ಸರ್ಕಾರದ್ದಾಗುತ್ತದೆ. ಶುಕ್ರವಾರದ ನಮಾಜಿಗೂ ಇದೇ ಅಳತೆ. ಎಲ್ಲಿ ಗೆರೆ ಎಳೆಯಬೇಕೆಂಬುದು ಪ್ರತಿ ಸಲ ಸುಲಭವಾಗಿ ಕಾಣುವುದಿಲ್ಲ ಎಂದು ಒಪ್ಪುತ್ತೇನೆ, ಆದರೆ ಮಗುವಿಗೆ ‘ನಾನು ಬರುವುದಿಲ್ಲ’ ಎಂದು ಭಯವಿಲ್ಲದೆ ಹೇಳುವ ದಾರಿ ಇದೆಯೇ ಎಂದು ನೋಡಿದರೆ ಬಹುಪಾಲು ಗೊತ್ತಾಗುತ್ತದೆ.

ಈ ಪತ್ರ ಒಂದು ಪಕ್ಷದ ವಿರುದ್ಧ ಎಂದು ಯಾರೂ ಭಾವಿಸಬಾರದು. ಸರ್ಕಾರ ಬದಲಾದ ಮೇಲೆ 2023ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿಗಳು ವೇದಿಕೆಯ ಮೇಲೆ ಹಿಜಾಬ್ ನಿರ್ಬಂಧ ಹಿಂಪಡೆಯಲು ಹೇಳಿದ್ದೇನೆ ಎಂದರು, ಮರುದಿನ ಇನ್ನೂ ಯೋಚಿಸುತ್ತಿದ್ದೇವೆ ಎಂದರು. ಒಬ್ಬರ ಆದೇಶದಿಂದ ಹೋಗಿ ಇನ್ನೊಬ್ಬರ ಭಾಷಣದಿಂದ ಬರುವುದಾದರೆ ಅದನ್ನು ಹಕ್ಕು ಎಂದು ನಾನು ಮಕ್ಕಳಿಗೆ ಹೇಗೆ ಪಾಠ ಮಾಡಲಿ? 2024ರ ಫೆಬ್ರುವರಿಯಲ್ಲಿ ವಸತಿ ಶಾಲೆಗಳ ಬಾಗಿಲ ಮೇಲಿದ್ದ ‘ಕೈ ಮುಗಿದು ಒಳಗೆ ಬಾ’ ಎಂಬ ಮಾತು ‘ಧೈರ್ಯವಾಗಿ ಪ್ರಶ್ನಿಸು’ ಎಂದು ಬದಲಾಯಿತು. ಎರಡೂ ಒಳ್ಳೆಯ ಮಾತುಗಳೇ. ಆದರೆ ಆ ಬಾಗಿಲಿನಲ್ಲಿ ಓಡಾಡುವ ಮಕ್ಕಳನ್ನೂ ಶಿಕ್ಷಕರನ್ನೂ ಕೇಳಿ ಬದಲಿಸಿದ್ದರೆ ಪ್ರಶ್ನಿಸುವ ಧೈರ್ಯ ಅಲ್ಲಿಂದಲೇ ಶುರುವಾಗುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಸಿಇಟಿ ಕೇಂದ್ರಗಳಲ್ಲಿ ಜನಿವಾರ ತೆಗೆಸಿದ ಸುದ್ದಿ ಶಿವಮೊಗ್ಗ ಮತ್ತು ಬೀದರ್‌ಗಳಿಂದ ಬಂತು, ಬೀದರ್‌ನಲ್ಲಿ ಒಬ್ಬ ಹುಡುಗ ಗಣಿತ ಪರೀಕ್ಷೆ ಬರೆಯಲಾಗದೆ ಹಿಂತಿರುಗಿದ. ಆ ಹುಡುಗನ ನೋವನ್ನು ಓದಿದಾಗ ನನ್ನ ಶಾಲೆಯ ಗೇಟಿನಿಂದ ಹಿಂತಿರುಗಿದ ಹುಡುಗಿಯೇ ಕಣ್ಣಿಗೆ ಬಂದಳು. 2022ರಲ್ಲಿ ಸಮವಸ್ತ್ರ ಎಂದರೆ ಸಮವಸ್ತ್ರ ಎಂದು ಗುಡುಗಿದವರು 2025ರಲ್ಲಿ ನಂಬಿಕೆಗೆ ಅಪಮಾನವಾಯಿತೆಂದು ಬೀದಿಗೆ ಬಂದರು. 2022ರಲ್ಲಿ ಹಕ್ಕಿನ ಮಾತಾಡಿದ ಕೆಲವರು 2025ರಲ್ಲಿ ಒಂದು ದಾರಕ್ಕೆ ಇಷ್ಟೇಕೆ ಗದ್ದಲ ಎಂದರು. ಇಬ್ಬರ ಮೇಲೂ ನನಗೆ ಸಿಟ್ಟಿದೆ. ಹುಡುಗಿಯ ವೇಲಿಗೆ ಕೈ ಹಾಕಲು ಬಿಟ್ಟ ಅಧಿಕಾರವೇ ಮೂರು ವರ್ಷದಲ್ಲಿ ಹುಡುಗನ ಜನಿವಾರಕ್ಕೆ ಕೈ ಹಾಕಿತು.

ನಮ್ಮ ಹಾಸನ ಜಿಲ್ಲೆಯಲ್ಲೇ ಇದಕ್ಕೆ ಬೇರೊಂದು ಮಾದರಿ ಇದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಶಾಸನವೊಂದಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ಶ್ರೀವೈಷ್ಣವರು ಸಂಖ್ಯೆಯಲ್ಲೂ ಪ್ರಭಾವದಲ್ಲೂ ಮುಂದಿದ್ದರು. ಅರಸ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಹೇಳಿದ. ಜೈನರಿಗೆ ಹಿಂದಿನಂತೆಯೇ ಪಂಚಮಹಾವಾದ್ಯಗಳೂ ಕಳಸವೂ ಸಲ್ಲಬೇಕು, ಜೈನರಿಗಾದ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೇ ಎಂದು ತಿಳಿಯಬೇಕು, ಈ ಶಾಸನವನ್ನು ಬಸದಿಗಳಲ್ಲಿ ವೈಷ್ಣವರೇ ನೆಡಿಸಬೇಕು ಎಂದು ವಿಧಿಸಿದ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸುವ ಏರ್ಪಾಟೂ ಆಯಿತು. ಪಂಚವಾದ್ಯ ನಿಮ್ಮ ಧರ್ಮಕ್ಕೆ ಅತ್ಯಗತ್ಯವೇ ಎಂದು ಬುಕ್ಕರಾಯ ಜೈನರನ್ನು ಕೇಳಲಿಲ್ಲ. ಗಲಾಟೆ ಆಗುತ್ತದೆ, ನೀವೇ ವಾದ್ಯ ನಿಲ್ಲಿಸಿ ಎನ್ನಲಿಲ್ಲ. ರಕ್ಷಣೆಯ ಹೊಣೆಯನ್ನು ಬಲವಿದ್ದವರ ಮೇಲೆ ಹೊರಿಸಿದ. ಅವನಿಗೆ ಸಂವಿಧಾನ ಇರಲಿಲ್ಲ, ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ನಿಲ್ಲದು ಎನ್ನುವ 13ನೇ ವಿಧಿ ಇರಲಿಲ್ಲ, ಚುನಾವಣೆಯೂ ಇರಲಿಲ್ಲ. ಮಿತಿಯನ್ನು ತಾನೇ ಹಾಕಿಕೊಂಡ. ನಿಮಗೆ ಮಿತಿಯನ್ನು ಬರೆದೇ ಕೊಟ್ಟಿದೆ. ಪ್ರವಾಸದಲ್ಲಿ ಆ ಕಲ್ಲಿನ ಮುಂದೆ ನಿಂತು ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಓದಿ ಹೇಳುವಾಗ ಒಬ್ಬ ಹುಡುಗಿ, ‘ಟೀಚರ್, ಈಗಲೂ ಇಂಥ ಕಲ್ಲು ನೆಡಬಹುದಾ?’ ಎಂದು ಕೇಳಿದ್ದಳು. ಸಂವಿಧಾನವೇ ಆ ಕಲ್ಲು ಎಂದು ಹೇಳಿದ್ದೆ. ಅವಳಿಗೆ ಕೊಟ್ಟ ಆ ಉತ್ತರವನ್ನು ಉಳಿಸಿಕೊಡುವುದು ನಿಮ್ಮ ಕೈಯಲ್ಲಿದೆ.

ಇಷ್ಟು ಬರೆದ ಮೇಲೆ ನಾನು ಕೇಳುವುದೇನೆಂದು ಹೇಳಿಬಿಡುತ್ತೇನೆ. ಸಮವಸ್ತ್ರದ ಜೊತೆ ಮಗು ತನ್ನ ನಂಬಿಕೆಯ ಗುರುತನ್ನು, ಪಾಠಕ್ಕೂ ಸುರಕ್ಷತೆಗೂ ತೊಡಕಾಗದಂತೆ, ಧರಿಸಬಹುದೆಂದು ನಿಯಮಗಳಿಗೇ ತಿದ್ದುಪಡಿ ತನ್ನಿ. ವಿಧಾನಮಂಡಲದ ಮುಂದೆ ಇಡಿ, ಚರ್ಚೆಯಾಗಲಿ. ಒಳ್ಳೆಯ ಉದ್ದೇಶದ ಸುತ್ತೋಲೆಯೂ ಬೇಡ, ಅದನ್ನು ಮುಂದಿನವರು ಒಂದು ಸಹಿಯಲ್ಲಿ ಅಳಿಸುತ್ತಾರೆ. ಸಮವಸ್ತ್ರ ಮತ್ತು ಆಚರಣೆಯ ವಿಷಯಗಳನ್ನು ಶಾಸಕರು ಅಧ್ಯಕ್ಷರಾಗಿರುವ ಸಮಿತಿಗಳಿಂದ ಹೊರತೆಗೆಯಿರಿ. ಶಾಲೆಯ ಅವಧಿಯಲ್ಲಿ ಯಾವುದೇ ಧರ್ಮದ ಸಂಘಟನೆ ಬಂದು ಮಕ್ಕಳಿಂದ ಪಠಣ ಮಾಡಿಸುವುದನ್ನು ನಿಲ್ಲಿಸಿ, ಅದಕ್ಕೆ ಹೊಸ ಕಾನೂನು ಬೇಕಿಲ್ಲ, 28ನೇ ವಿಧಿಯನ್ನು ಓದಿದರೆ ಸಾಕು. ಪರೀಕ್ಷಾ ಕೇಂದ್ರಗಳಲ್ಲಿ ತಪಾಸಣೆ ನಡೆಯಲಿ, ನಕಲು ತಡೆಯುವುದು ಮುಖ್ಯ. ಆದರೆ ತಪಾಸಣೆ ಎಂದರೆ ನೋಡುವುದು, ತೆಗೆಸುವುದಲ್ಲ. ಹುಡುಗಿಯರಿಗೆ ಮರೆಯಾದ ಕೋಣೆ ಮತ್ತು ಮಹಿಳಾ ಸಿಬ್ಬಂದಿ ಇರಲಿ, ಅರ್ಧ ಗಂಟೆ ಮೊದಲು ಬರಲು ಹೇಳಿ, ಯಾವ ಮಗುವೂ ಈ ಕಾರಣಕ್ಕೆ ಪರೀಕ್ಷೆ ತಪ್ಪಿಸಿಕೊಳ್ಳಬಾರದು.

ಮುಖ್ಯ ಶಿಕ್ಷಕರ ಪರವಾಗಿ ಕೊನೆಯದಾಗಿ ಒಂದು ಕೋರಿಕೆ. ಮಗುವೊಂದನ್ನು ಶಾಲೆಯಿಂದ ಹೊರಗಿಡುವ ಯಾವುದೇ ಸೂಚನೆ ಫೋನಿನಲ್ಲಿ, ವಾಟ್ಸ್ಆ್ಯಪ್‌ನಲ್ಲಿ, ಸಭೆಯ ಮಾತಿನಲ್ಲಿ ಬಂದರೆ ಪಾಲಿಸಬೇಕಿಲ್ಲ ಎಂದು ನೀವು ಲಿಖಿತವಾಗಿ ಹೇಳಿ. ಕಾನೂನಿನ ಯಾವ ಪ್ರಕರಣದಡಿ, ಯಾರ ಸಹಿಯಲ್ಲಿ, ಎಂದಿನವರೆಗೆ ಎಂಬುದು ಕಾಗದದಲ್ಲಿ ಇರಬೇಕು, ಅದರ ಒಂದು ಪ್ರತಿ ಆ ಮಗುವಿನ ಪೋಷಕರಿಗೂ ಸಿಗಬೇಕು. ಬರೆದು ಸಹಿ ಹಾಕಬೇಕಾಗಿ ಬಂದರೆ ಇಂಥ ಸೂಚನೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ ಎಂಬುದು ಇಷ್ಟು ವರ್ಷ ಇಲಾಖೆಯೊಳಗಿದ್ದು ನಾನು ಕಂಡ ಸತ್ಯ.

ಈ ಪತ್ರದ ಪ್ರತಿಗಳನ್ನು ಎರಡೂ ಜಿಲ್ಲೆಗಳ ಉಪನಿರ್ದೇಶಕರ ಕಚೇರಿಗಳಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಮೊದಲು ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ,
ಬೇಲೂರು, ಹಾಸನ ಜಿಲ್ಲೆ